ಟೈರು ಕೊಳ್ಳುವಾಗ ಘಟ್ಟದ ದಾರಿ ನೆನಪಿರಲಿ

ಚೌತಿ, ದಸರಾ, ದೀಪಾವಳಿ ಬಂತೆಂದರೆ ವಾಸ್ಕೋ, ಜುವಾರಿನಗರ, ಮಾಪ್ಸಾ, ಫೋಂಡಾದ ಕನ್ನಡ ಕುಟುಂಬಗಳು ಊರ ಕಡೆ ಹೊರಡುತ್ತವೆ. ಒಂದು ಕಾಲಕ್ಕೆ ಬಸ್ಸು, ರೈಲೇ ಗತಿಯಾಗಿತ್ತು. ಈಗ ಅನೇಕರ ಬಳಿ ಸಣ್ಣ ಕಾರಿದೆ. ಅನಮೋಡ ಘಟ್ಟ ಹತ್ತಿ ರಾಮನಗರ, ಚೋರ್ಲಾ ಹತ್ತಿ ಕಣಕುಂಬಿ, ಇಲ್ಲವೇ ಪೋಳೆ ದಾಟಿ ಕಾರವಾರ. ಹೊರಡುವ ಮುನ್ನ ಆಯಿಲ್, ಬ್ರೇಕ್ ತೋರಿಸುತ್ತಾರೆ. ಟೈರಿನ ಮಾತು ಬಂದರೆ ಮಾತ್ರ ‘ಯಾವುದು ಕಡಿಮಿಗೆ ಸಿಗತೈತಿ ಅದನ್ನ ಹಾಕ್ರಿ’ ಅನ್ನುವವರೇ ಹೆಚ್ಚು.

ಟೈರು ಗೋವಾಕ್ಕೆ ಹೊಸದಲ್ಲ. ಫೋಂಡಾ ಸಮೀಪದ ಉಸಗಾಂವ್‌ನಲ್ಲೇ ಎಂಆರ್‌ಎಫ್ ಕಾರ್ಖಾನೆ ಇದೆ. ಆದರೂ ಟೈರಿನ ಮೇಲೆ ಬರೆದದ್ದನ್ನು ಓದುವವರು ಕಡಿಮೆ. 165/80 ಆರ್ 14 ಎಂದಿದ್ದರೆ ಅಗಲ 165 ಮಿ.ಮೀ., ಪಕ್ಕದ ಗೋಡೆಯ ಎತ್ತರ ಅದರ ಶೇ. 80, ಅಂದರೆ 132 ಮಿ.ಮೀ., ರಿಮ್ 14 ಇಂಚು. ತಗ್ಗಿಗೆ ಬಿದ್ದಾಗ ಮೊದಲು ಬಾಗಿ ಪೆಟ್ಟು ತಿನ್ನುವುದು ಈ ಪಕ್ಕದ ಗೋಡೆಯೇ. ಶೋಕಿಗೆ ದೊಡ್ಡ ಅಲಾಯ್ ಹಾಕಿ 195/55 ಆರ್ 16ಕ್ಕೆ ಹೋದರೆ ಗಾಲಿಯ ಒಟ್ಟು ಎತ್ತರ ಹೆಚ್ಚುಕಡಿಮೆ ಅಷ್ಟೇ ಇರುತ್ತದೆ, ಆದರೆ ಪಕ್ಕದ ಗೋಡೆ 107 ಮಿ.ಮೀ.ಗೆ ಇಳಿಯುತ್ತದೆ. ನೋಡಲು ಚೆಂದ, ಹಿಂದೆ ಕುಂತ ಅಜ್ಜಿಯ ಸೊಂಟಕ್ಕೆ ಮಾತ್ರ ಕಷ್ಟ.

ಸದ್ದಿನ ಕಥೆ ಬೇರೆ. ಟೈರಿನ ಬಟನ್‌ಗಳು ರಸ್ತೆಗೆ ಬಡಿಯುತ್ತವೆ, ಗೀರುಗಳಲ್ಲಿ ಸಿಕ್ಕ ಗಾಳಿ ಹಿಂಡಿ ಹೊರಬರುತ್ತದೆ. ಆದ್ದರಿಂದಲೇ ಕೆಸರಿಗೆಂದು ಮಾಡಿದ ದಪ್ಪ ಬಟನ್ ಟೈರು ಡಾಂಬರಿನ ಮೇಲೆ ಗುಂಯ್ ಎನ್ನುತ್ತದೆ. ಮೊದಲು ಇಲ್ಲದ ಸದ್ದು ಈಗ ಬಂದಿದ್ದರೆ ಅದು ಎಚ್ಚರಿಕೆ: ಅಲೈನ್‌ಮೆಂಟ್ ಕೆಟ್ಟು ಟೈರು ಒಂದೇ ಕಡೆ ಸವೆದಿರಬಹುದು, ರಬ್ಬರ್ ಹಳತಾಗಿ ಕಲ್ಲಾಗಿರಬಹುದು, ಬೇರಿಂಗ್ ಹೋಗಿರಲೂಬಹುದು. ಹಾಡಿನ ಸದ್ದು ಏರಿಸಿದರೆ ಪರಿಹಾರವಾಗದು.

ಸೆಕೆಂಡ್ ಹ್ಯಾಂಡ್ ಟೈರಿನ ಅಪಾಯ ಇಲ್ಲೇ ಇದೆ. ಬಟನ್ ದಪ್ಪಗಿದ್ದರೂ ರಬ್ಬರ್ ಗಟ್ಟಿಯಾಗಿದ್ದರೆ ಮಳೆಯಲ್ಲಿ ಹಿಡಿತ ಇರುವುದಿಲ್ಲ. ಜುಲೈ ತಿಂಗಳಲ್ಲಿ ಚೋರ್ಲಾದ ತಿರುವು ಇಳಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಟೈರಿನ ಪಕ್ಕದಲ್ಲಿ 3524 ಎಂದಿದ್ದರೆ 2024ರ 35ನೇ ವಾರ ತಯಾರಾದದ್ದು ಎಂದರ್ಥ. ಅದನ್ನು ನೋಡಿಯೇ ದುಡ್ಡು ಕೊಡಿ. ಹವಾ ಎಷ್ಟಿರಬೇಕೆಂಬುದು ಚಾಲಕನ ಬಾಗಿಲ ಪಟ್ಟಿಯ ಮೇಲಿರುತ್ತದೆ. ಮೆತ್ತಗಿರಲೆಂದು ಕಡಿಮೆ ಹವಾ ಇಟ್ಟರೆ ಟೈರು ಕಾದು ಸಿಡಿದೀತು. ಜಾಸ್ತಿ ತುಂಬಿಸಿದರೆ ಕಾರು ಕುಪ್ಪಳಿಸುತ್ತದೆ.

ಟೈರಿನ ಸದ್ದು, ಒದ್ದೆ ರಸ್ತೆಯ ಹಿಡಿತಕ್ಕೆ ಮಿತಿ ಹಾಕುವ ನಿಯಮವನ್ನು ಕೇಂದ್ರ ಸರ್ಕಾರ 2022ರಲ್ಲಿ ತಂದಿದೆ. ಒಳ್ಳೆಯದೇ. ಆದರೆ ಯುರೋಪಿನಲ್ಲಿ 2012ರಿಂದಲೇ ಗಿರಾಕಿಗೆ ಪ್ರತಿ ಟೈರಿನ ಡೆಸಿಬಲ್, ಹಿಡಿತದ ದರ್ಜೆ ಬರೆದ ಪಟ್ಟಿ ಸಿಗುತ್ತದೆ. ನಮ್ಮ ಅಂಗಡಿಗಳಲ್ಲೂ ಅದು ಕಣ್ಣಿಗೆ ಬೀಳುವಂತಿರಬೇಕು. ಆಗ ರೇಟಿನ ಜತೆ ಗುಣವನ್ನೂ ತೂಗಬಹುದು.

ಅಲ್ಲಿಯವರೆಗೆ ಗೋವಾದ ಕನ್ನಡ ಸಂಘಗಳು ಒಂದು ಕೆಲಸ ಮಾಡಬಹುದು. ರಾಜ್ಯೋತ್ಸವ, ಸನ್ಮಾನಗಳ ಜತೆಗೆ ಚೌತಿಗೆ ಮುನ್ನ ಒಂದು ಭಾನುವಾರ ಮೆಕ್ಯಾನಿಕ್ ಒಬ್ಬರನ್ನು ಕರೆಸಿ ಸದಸ್ಯರ ಗಾಡಿಗಳ ಟೈರು ತಪಾಸಣೆ ಮಾಡಿಸಲಿ. ಖರ್ಚು ದೊಡ್ಡದಲ್ಲ. ಹಬ್ಬಕ್ಕೆ ಹೊರಟವರು ಸುಖವಾಗಿ ಊರು ಮುಟ್ಟುವುದಕ್ಕಿಂತ ದೊಡ್ಡ ಕನ್ನಡ ಸೇವೆ ಬೇಕೇ?