ಬ್ಯಾಟರಿಯನ್ನು ಕಿತ್ತುಹಾಕುವ ಮುನ್ನ

ಹಳೆಯ ವಸ್ತುಗಳ ಮೇಲಿನ ಮಮತೆ ಮನುಷ್ಯನಿಗೆ ಸಹಜವಾದುದು. ತಾತನ ಕಾಲದ ಗಡಿಯಾರಕ್ಕೆ ಕೀಲಿ ಕೊಟ್ಟು ಹಿಗ್ಗುವವರಂತೆಯೇ, ಒದ್ದು ಚಾಲೂ ಮಾಡುವ ಹಳೆಯ ಮೋಟಾರು ಸೈಕಲನ್ನು ವಾರಕ್ಕೊಮ್ಮೆ ಬೀದಿಗಿಳಿಸಿ ಸಂತೋಷಪಡುವವರೂ ನಮ್ಮಲ್ಲಿ ಅನೇಕರಿದ್ದಾರೆ. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ 1961ರಲ್ಲಿ ವಾಹನಗಳನ್ನು ತಯಾರಿಸಲಾರಂಭಿಸಿ 1996ರಲ್ಲಿ ಬಾಗಿಲು ಮುಚ್ಚಿತು. ಆದರೂ ಅದು ಹೊರತಂದ ಜಾವಾ, ಯೆಜ್ದಿ ಗಾಡಿಗಳ ಸದ್ದು ಆ ಊರಿನ ಬೀದಿಗಳಿಂದ ಇನ್ನೂ ಅಳಿದಿಲ್ಲ.

ಇಂತಹ ಗಾಡಿಗಳ ಒಡೆಯರನ್ನು ಮೇಲಿಂದ ಮೇಲೆ ಕಾಡುವುದು ಎಂಜಿನಲ್ಲ, ಬ್ಯಾಟರಿ. ಸೀಸದ ಫಲಕಗಳನ್ನು ಗಂಧಕಾಮ್ಲದಲ್ಲಿ ಮುಳುಗಿಸಿದ ಈ ಪೆಟ್ಟಿಗೆ, ಬಳಸದೆ ಇಟ್ಟರೂ ತನ್ನಷ್ಟಕ್ಕೆ ತಾನೇ ಬರಿದಾಗುತ್ತದೆ. ಬರಿದಾದುದನ್ನು ಹಾಗೆಯೇ ಬಿಟ್ಟರೆ ಫಲಕಗಳ ಮೇಲೆ ಸೀಸದ ಸಲ್ಫೇಟ್ ಗಟ್ಟಿಯಾಗಿ ಕೂತು, ಮತ್ತೆ ಚಾರ್ಜು ಹಿಡಿಯದಂತೆ ಮಾಡುತ್ತದೆ. ಆಗ ಯಾರಾದರೊಬ್ಬರು ಬಂದು, “ಕಿಕ್ಕರ್ ಇದೆಯಲ್ಲ, ಬ್ಯಾಟರಿ ಏಕೆ? ಕಿತ್ತುಹಾಕಿ” ಎಂದು ಸಲಹೆ ಕೊಡುತ್ತಾರೆ. ಈ ಸಲಹೆ ಸರಿಯೆ? ಕೆಲವು ಗಾಡಿಗಳಿಗೆ ಸರಿ, ಕೆಲವಕ್ಕೆ ತಪ್ಪು, ರಾತ್ರಿ ಸಂಚರಿಸುವವರಿಗಂತೂ ಅಪಾಯಕರ ಎಂಬುದು ನಮ್ಮ ಅಭಿಪ್ರಾಯ.

ಕಿಡಿಯಿಲ್ಲದೆ ಪೆಟ್ರೋಲ್ ಎಂಜಿನು ಓಡದು. ಆದರೆ ಕಿಡಿಗೆ ಬ್ಯಾಟರಿಯೇ ಬೇಕೆಂಬ ನಿಯಮವೇನೂ ಇಲ್ಲ. ಅಯಸ್ಕಾಂತವನ್ನು ತಂತಿಸುರುಳಿಯ ಬಳಿ ಚಲಿಸುವಂತೆ ಮಾಡಿದರೆ ವಿದ್ಯುತ್ತು ಹುಟ್ಟುವುದೆಂದು ಮೈಕೇಲ್ ಫ್ಯಾರಡೆ 1831ರಲ್ಲಿಯೇ ತೋರಿಸಿಕೊಟ್ಟನು. ಹಾಗೆ ಹುಟ್ಟಿದ ಪ್ರವಾಹವನ್ನು ‘ಪಾಯಿಂಟ್’ಗಳು ಥಟ್ಟನೆ ಕಡಿದಾಗ, ಅದೇ ಕಬ್ಬಿಣದ ಮೇಲೆ ಸುತ್ತಿರುವ ಸಾವಿರಾರು ಸುತ್ತಿನ ಎರಡನೆಯ ಸುರುಳಿಯಲ್ಲಿ ಪ್ಲಗ್ಗಿನ ಸಂದನ್ನು ಹಾರುವಷ್ಟು ವೋಲ್ಟೇಜು ಏಳುತ್ತದೆ. ಇದೇ ಮ್ಯಾಗ್ನೆಟೋ. ಜರ್ಮನಿಯ ಬಾಷ್ ಕಾರ್ಖಾನೆಯಲ್ಲಿ ಗಾಟ್ಲೊಬ್ ಹೊನೊಲ್ಡ್ ಎಂಬಾತನು 1902ರಲ್ಲಿ ಇದರ ಹೆಚ್ಚು ವೋಲ್ಟೇಜಿನ ರೂಪವನ್ನು ಸಿದ್ಧಪಡಿಸಿದನು. ಎರಡನೆಯ ಮಹಾಯುದ್ಧದಲ್ಲಿ ಬ್ರಿಟಿಷ್ ಸೈನಿಕರನ್ನು ಹೊತ್ತ ಬಿ.ಎಸ್.ಎ. ಎಂ 20 ಗಾಡಿಗೂ ಕಿಡಿ ಕೊಟ್ಟದ್ದು ಮ್ಯಾಗ್ನೆಟೋ. ಅಷ್ಟು ದೂರ ಹೋಗಬೇಕಾಗಿಯೂ ಇಲ್ಲ. ನಮ್ಮ ಮನೆಗಳ ಮುಂದೆ ನಿಲ್ಲುತ್ತಿದ್ದ ಲೂನಾ ಮೊಪೆಡ್ಡು ಕಿಡಿಗಾಗಿ ನಂಬಿದ್ದುದು ಗಾಲಿಯಂತಹ ಅಯಸ್ಕಾಂತವನ್ನೇ. ಈ ಬಗೆಯ ಗಾಡಿಯಲ್ಲಿ ಬ್ಯಾಟರಿ ಇದ್ದರೂ ಅದು ದೀಪಕ್ಕೆ, ಹಾರ್ನಿಗೆ ಮಾತ್ರ. ಅದನ್ನು ತೆಗೆದರೆ ಎಂಜಿನಿಗೆ ಯಾವ ಬಾಧೆಯೂ ಇಲ್ಲ.

ಎರಡನೆಯ ಬಗೆಯ ಗಾಡಿಗಳಲ್ಲಿ ಆಲ್ಟರ್ನೇಟರ್ ಹುಟ್ಟಿಸಿದ ವಿದ್ಯುತ್ತು ರೆಕ್ಟಿಫೈಯರಿನ ಮೂಲಕ ಬ್ಯಾಟರಿಯನ್ನು ಸೇರಿ, ಅಲ್ಲಿಂದ ಇಗ್ನಿಷನ್ ಕಾಯಿಲಿಗೆ ಹೋಗುತ್ತದೆ. ಇಲ್ಲಿ ಬ್ಯಾಟರಿಗೆ ಎರಡು ಕೆಲಸ. ಒಂದು, ಎಂಜಿನು ನಿಂತಿರುವಾಗ ವಿದ್ಯುತ್ತನ್ನು ಕೂಡಿಡುವುದು. ಎರಡು, ಅಲೆಯಲೆಯಾಗಿ ಬರುವ ಪ್ರವಾಹದ ಏರಿಳಿತವನ್ನು ಸಮಗೊಳಿಸುವುದು. ಅದನ್ನು ಸುಮ್ಮನೆ ಕಿತ್ತರೆ ಎರಡೂ ಕೆಲಸ ನಿಲ್ಲುತ್ತವೆ. ಕಿಕ್ ಹೊಡೆದಾಗ ಕಿಡಿ ಬಾರದಿರಬಹುದು. ಎಂಜಿನು ಹತ್ತಿಕೊಂಡರೂ ವೇಗ ಏರಿದಾಗ ವೋಲ್ಟೇಜು ಮಿತಿ ಮೀರಿ ಬಲ್ಬುಗಳು ಸುಟ್ಟುಹೋಗಬಹುದು.

ತಯಾರಕರು ಕೊಟ್ಟುದನ್ನು ಮುಟ್ಟಲೇಬಾರದೆಂದು ವಾದಿಸುವವರೂ ಉಂಟು. ಆದರೆ ಬ್ಯಾಟರಿ ಕೈಕೊಡುವ ಸಂದರ್ಭವನ್ನು ತಯಾರಕರೇ ಎಣಿಸಿದ್ದರು. 1953ರ ಟ್ರಯಂಫ್ ಸ್ಪೀಡ್ ಟ್ವಿನ್ ಗಾಡಿಯಲ್ಲಿ, ಆಲ್ಟರ್ನೇಟರಿನಿಂದ ನೇರವಾಗಿ ಕಾಯಿಲಿಗೆ ವಿದ್ಯುತ್ತು ಹರಿಸುವ ‘ಎಮರ್ಜೆನ್ಸಿ’ ಸ್ಥಾನವೊಂದು ಸ್ವಿಚ್ಚಿನಲ್ಲಿಯೇ ಇತ್ತು. 1960ರ ದಶಕದಲ್ಲಿ ಲೂಕಸ್ ಕಂಪನಿ 2 ಎಂಸಿ ಎಂಬ ದೊಡ್ಡ ಕಂಡೆನ್ಸರನ್ನು ಹೊರತಂದಿತು. 12 ವೋಲ್ಟಿನ ಗಾಡಿಗಳಲ್ಲಿ ಬ್ಯಾಟರಿಯ ಸ್ಥಳದಲ್ಲಿ ಇದೊಂದನ್ನೇ ಜೋಡಿಸಿ ಓಡಿಸಬಹುದಾಗಿತ್ತು.

ಈ ಕಂಡೆನ್ಸರು ಬ್ಯಾಟರಿಗೆ ಎಷ್ಟರ ಮಟ್ಟಿಗೆ ಸಮ? ವಾಚಕರು ಸ್ವಲ್ಪ ಲೆಕ್ಕ ಹಾಕಿ ನೋಡಬಹುದು. 6 ವೋಲ್ಟು, 12 ಆಂಪಿಯರ್-ಗಂಟೆಯ ಬ್ಯಾಟರಿ ತುಂಬಿದಾಗ ಅದರಲ್ಲಿರುವುದು ಸುಮಾರು 2,59,000 ಜೂಲ್ ಶಕ್ತಿ. 4,700 ಮೈಕ್ರೋಫ್ಯಾರಡಿನ ಕಂಡೆನ್ಸರು 12 ವೋಲ್ಟಿನಲ್ಲಿ ಹಿಡಿಯುವುದು ಒಂದು ಜೂಲಿನ ಮೂರನೆಯ ಒಂದು ಪಾಲು ಮಾತ್ರ. ಒಂದು ಕೆರೆಯಾದರೆ ಇನ್ನೊಂದು ಬೊಗಸೆ. ಆದರೆ ಒಂದು ಕಿಡಿಗೆ ಬೇಕಾದುದು ಜೂಲಿನ ನೂರನೆಯ ಕೆಲವು ಭಾಗಗಳಷ್ಟೆ. ಕಿಕ್ ಹೊಡೆದಾಗ ಆಲ್ಟರ್ನೇಟರು ಆ ಬೊಗಸೆಯನ್ನು ತುಂಬುತ್ತದೆ, ಕಾಯಿಲು ಅದನ್ನು ಕುಡಿದು ಕಿಡಿಯನ್ನು ಕೊಡುತ್ತದೆ. ಇದೇ ಬೊಗಸೆಗೆ 35 ವಾಟಿನ ಹೆಡ್‌ಲೈಟನ್ನು ಜೋಡಿಸಿದರೆ ಸೆಕೆಂಡಿನ ನೂರನೆಯ ಒಂದು ಭಾಗದಲ್ಲಿ ಅದು ಬರಿದು! ಆದಕಾರಣ ಇಂತಹ ಗಾಡಿಯನ್ನು ಚಾಲೂ ಮಾಡುವಾಗ ದೀಪಗಳನ್ನೆಲ್ಲ ಆರಿಸಿರಬೇಕು. ಕಂಡೆನ್ಸರಿನ ಧನ, ಋಣ ತುದಿಗಳನ್ನು ಅದಲು ಬದಲು ಮಾಡಿದರೆ ಅದು ಕೆಟ್ಟುಹೋಗುತ್ತದೆ. ಆ ಕಾಲದ ಬ್ರಿಟಿಷ್ ಗಾಡಿಗಳಲ್ಲಿ ಚೌಕಟ್ಟಿಗೆ ಸೇರಿಸುತ್ತಿದ್ದುದು ಧನ ತುದಿಯನ್ನು ಎಂಬುದನ್ನು ಮರೆಯಬಾರದು. ವೋಲ್ಟೇಜನ್ನು ಮಿತಿಯಲ್ಲಿಡುವ ಸಾಧನವೂ ಜೊತೆಗಿರಬೇಕು.

ಮೂರನೆಯ ಬಗೆ ಡೈನಮೋ ಗಾಡಿಗಳದು. ಮೈಸೂರಿನಲ್ಲಿ ತಯಾರಾದ ಮೊದಲ ಜಾವಾಗಳಲ್ಲಿದ್ದುದು 6 ವೋಲ್ಟಿನ ಡೈನಮೋ. ಇದರಲ್ಲಿ ಶಾಶ್ವತ ಅಯಸ್ಕಾಂತವಿಲ್ಲ. ಕಬ್ಬಿಣದಲ್ಲಿ ಉಳಿದಿರುವ ಅಲ್ಪ ಕಾಂತತ್ವದಿಂದ ಸ್ವಲ್ಪ ವಿದ್ಯುತ್ತು ಹುಟ್ಟಿ, ಆ ವಿದ್ಯುತ್ತೇ ಕಾಂತವನ್ನು ಬಲಪಡಿಸಿ, ಹೀಗೆ ಮೆಟ್ಟಿಲು ಮೆಟ್ಟಿಲಾಗಿ ವೋಲ್ಟೇಜು ಏರಬೇಕು. ಸಾಲದುದಕ್ಕೆ, ವೇಗ ಸಾಕಷ್ಟಿಲ್ಲದಿರುವಾಗ ‘ಕಟ್‌ಔಟ್’ ಎಂಬ ಸಾಧನವು ಡೈನಮೋವನ್ನು ಬೇರ್ಪಡಿಸಿಯೇ ಇಟ್ಟಿರುತ್ತದೆ. ಒಂದು ಒದೆತದ ಕ್ಷಣಕಾಲದ ತಿರುಗುವಿಕೆ ಇಷ್ಟಕ್ಕೆಲ್ಲ ಎಲ್ಲಿ ಸಾಕಾದೀತು? ಇಂತಹ ಗಾಡಿಯಲ್ಲಿ ಬ್ಯಾಟರಿಯನ್ನು ಕಿತ್ತು ಕಿಕ್ಕರಿನೊಡನೆ ಸೆಣಸುವವರು ಕಾಲು ನೋಯಿಸಿಕೊಳ್ಳುವುದಲ್ಲದೆ ಬೇರೆ ಫಲವನ್ನು ಕಾಣುವುದು ಅಪರೂಪ.

ಇದೆಲ್ಲವೂ ಎಂಜಿನಿನ ಮಾತಾಯಿತು. ರಸ್ತೆಯ ಮಾತು ಬೇರೆ. ಬ್ಯಾಟರಿಯಿಲ್ಲದ ಗಾಡಿ ವೇಗ ತಗ್ಗಿದಾಗ ದೀಪ ಮಂಕಾಗುವುದನ್ನು ನಾವೆಲ್ಲ ಕಂಡಿದ್ದೇವೆ. ಎಂಜಿನು ನಿಂತೊಡನೆ ಆ ಮಂಕು ಬೆಳಕೂ ಇಲ್ಲ. ರಾತ್ರಿಯ ಹೊತ್ತು ಹೆದ್ದಾರಿಯ ನಡುವೆ ಎಂಜಿನು ನಿಂತಿತೆನ್ನಿ. ಆ ಕ್ಷಣವೇ ಹಿಂದಿನ ಕೆಂಪು ದೀಪವೂ ಆರುತ್ತದೆ, ಹಾರ್ನೂ ಮೂಕವಾಗುತ್ತದೆ. ಸವಾರನಿಗೆ ಬೆಳಕು ಅತ್ಯವಶ್ಯವಾಗಿರುವ ಗಳಿಗೆಯಲ್ಲಿಯೇ ಅವನು ಕತ್ತಲೆಯಲ್ಲಿ ನಿಲ್ಲುತ್ತಾನೆ. ಹಿಂದಿನಿಂದ ಬರುವ ಲಾರಿಯ ಚಾಲಕನಿಗೆ ಅವನು ಕಾಣುವುದು ಹೇಗೆ? ಬ್ಯಾಟರಿಯ ಖರ್ಚು ಉಳಿಸಿದವರು ಈ ಪ್ರಶ್ನೆಗೆ ಉತ್ತರ ಹೇಳಬೇಕು.

ಆದುದರಿಂದ ನಮ್ಮ ಮತವಿಷ್ಟು. ಮೊದಲು ನಿಮ್ಮ ಗಾಡಿ ಯಾವ ಬಗೆಯದೆಂಬುದನ್ನು ಅರಿತುಕೊಳ್ಳಿರಿ. ಅದು ಮ್ಯಾಗ್ನೆಟೋ ಗಾಡಿಯಾಗಿದ್ದು ಹಗಲು ಮಾತ್ರ ಓಡಿಸುವವರಾದರೆ ಬ್ಯಾಟರಿಯ ಹಂಗಿಲ್ಲದೆ ಇರಬಹುದು. ಆಲ್ಟರ್ನೇಟರಿದ್ದರೆ ಬಲ್ಲವರಿಂದ ಕಂಡೆನ್ಸರನ್ನು ಹಾಕಿಸಬಹುದು. ಡೈನಮೋ ಗಾಡಿಯಾದರೆ ಬ್ಯಾಟರಿಯನ್ನು ತಿಂಗಳಿಗೊಮ್ಮೆ ಚಾರ್ಜು ಮಾಡಿ ಕಾಪಾಡಿಕೊಳ್ಳುವುದೇ ಲೇಸು. ಕತ್ತಲಾದ ಮೇಲೆ ರಸ್ತೆಗಿಳಿಯುವವರು, ಗಾಡಿ ಯಾವುದೇ ಇರಲಿ, ಹಿಂದಿನ ದೀಪವೊಂದಕ್ಕಾದರೂ ಸಾಲುವ ಚಿಕ್ಕ ಬ್ಯಾಟರಿಯನ್ನು ಇಟ್ಟುಕೊಳ್ಳಲೇಬೇಕು. ಕಿತ್ತ ಹಳೆಯ ಬ್ಯಾಟರಿಯನ್ನು ತಿಪ್ಪೆಗೆಸೆಯದೆ ಮಾರಿದ ಅಂಗಡಿಗೇ ಹಿಂದಿರುಗಿಸಬೇಕು. ಸೀಸವು ಮಣ್ಣನ್ನೂ ನೀರನ್ನೂ ಸೇರಿದರೆ ಅದರ ಕೇಡು ಮೊದಲು ತಟ್ಟುವುದು ಮಕ್ಕಳಿಗೆ.

ಹಳೆಯ ಯಂತ್ರದ ದೊಡ್ಡ ಗುಣವೆಂದರೆ ಅದರ ಪ್ರತಿಯೊಂದು ಭಾಗವನ್ನೂ ಕಣ್ಣಿನಿಂದ ನೋಡಿ ತಿಳಿಯಬಹುದು. ಆ ತಿಳಿವಳಿಕೆಯನ್ನು ಪಡೆದವನು ಬೇಕಾದರೆ ಬ್ಯಾಟರಿಯನ್ನು ತೆಗೆಯಲಿ, ಬೇಕಾದರೆ ಇಡಲಿ. ಪಡೆಯದವನು ಮೊದಲು ಸ್ಪ್ಯಾನರನ್ನು ಕೆಳಗಿಟ್ಟು, ತಂತಿಗಳು ಎಲ್ಲಿಂದ ಎಲ್ಲಿಗೆ ಹೋಗುತ್ತವೆಂಬುದನ್ನು ನೋಡುವುದು ಮೇಲು.