ತೂಗುಬುಟ್ಟಿಗೆ ಮಣ್ಣೆಷ್ಟು ಬೇಕು?



ನಮ್ಮ ಹಿರಿಯರ ಅಡುಗೆಮನೆಗಳಲ್ಲಿ ನೆಲುವು ಇರುತ್ತಿದ್ದುದನ್ನು ಹಲವರು ಬಲ್ಲಿರಿ. ಜಂತೆಗೆ ಕಟ್ಟಿದ ಹಗ್ಗದ ಆ ಜಾಲದಲ್ಲಿ ಬೆಣ್ಣೆಯ ಗಡಿಗೆ ತೂಗುತ್ತಿತ್ತು. ಎಷ್ಟು ಭಾರವನ್ನು ಹಗ್ಗ ತಾಳೀತು, ಯಾವ ಗಡಿಗೆಗೆ ಎಷ್ಟು ಸೇರು ಹಿಡಿದೀತು ಎಂಬುದು ಮನೆಯ ಹಿರಿಯ ತಾಯಿಗೆ ಕೈಯಳತೆಯಲ್ಲಿಯೇ ತಿಳಿದಿತ್ತು. ಇಂದು ನೆಲುವು ಮರೆಯಾಗಿ, ಅದರ ಸ್ಥಾನದಲ್ಲಿ ಹೂಗಿಡಗಳ ತೂಗುಬುಟ್ಟಿ ಪಡಸಾಲೆಗೆ ಬಂದಿದೆ. ಬುಟ್ಟಿ ಬಂದಿತು, ಅಳತೆ ಮಾತ್ರ ಬರಲಿಲ್ಲ.

ನಮ್ಮ ದಬ್ಬೇಘಟ್ಟದ ಆಸುಪಾಸಿನ ಊರೊಂದರ ಸ್ವಸಹಾಯ ಸಂಘದ ತಾಯಂದಿರು ತಮ್ಮ ಉಳಿತಾಯದ ಹಣದಿಂದ ಸಮುದಾಯ ಭವನದ ಪಡಸಾಲೆಗೆ 12 ಬುಟ್ಟಿಗಳನ್ನೂ 36 ಸಸಿಗಳನ್ನೂ ತಂದಿದ್ದರು. ನಾವು ಅಲ್ಲಿಗೆ ಹೋದಾಗ ಆರು ಬುಟ್ಟಿಗಳು ತುಂಬಿದ್ದವು. ಉಳಿದವು ಬರಿದಾಗಿದ್ದವು. ಚೀಲದಿಂದ ಬಿಡಿಸಿದ ಸಸಿಗಳು ಬೇರು ತೆರೆದುಕೊಂಡು ಬಿಸಿಲಿನಲ್ಲಿ ಬಾಡುತ್ತಿದ್ದವು.

"ಲೆಕ್ಕ ಹಾಕಿಯೇ ತಂದೆವು ಶಾಸ್ತ್ರಿಗಳೇ. ಹೋದ ವರ್ಷ 20 ಸೆಂಟಿಮೀಟರಿನ ಬುಟ್ಟಿಗೆ ಎರಡು ಲೀಟರು ಹಿಡಿದಿತ್ತು. ಈ ಸಲದ್ದು 30 ಸೆಂಟಿಮೀಟರು. ಒಂದೂವರೆಪಟ್ಟು ಅಂತ ಮೂರು ಮೂರು ಲೀಟರು ತಂದೆವು. ಅಂಗಡಿಯವರು ಕಡಿಮೆ ಅಳೆದರೋ ಏನೋ" ಎಂದರು ಹಿರಿಯ ತಾಯಿ.

ಅಂಗಡಿಯವರ ತಪ್ಪೇನೂ ಇರಲಿಲ್ಲ. ಬುಟ್ಟಿಯ ಬಾಯಿ ಅಗಲವಾದಂತೆ ಅದರ ಆಳವೂ ಹಿಗ್ಗುತ್ತದೆ. ಉದ್ದ, ಅಗಲ, ಆಳ ಮೂರೂ ಒಂದೂವರೆಪಟ್ಟಾದಾಗ ಹಿಡಿಯುವ ಮಣ್ಣು ಮೂರೂಕಾಲು ಪಟ್ಟನ್ನೂ ಮೀರುತ್ತದೆ. ಬಾಯಿ ಇಮ್ಮಡಿಯಾದರಂತೂ ಮಣ್ಣು ಎಂಟು ಪಟ್ಟು ಬೇಕು. ಜಾಣರೂ ಎಡವುವ ಸ್ಥಳವಿದು.

ಅರ್ಧಗೋಳದಂತಿರುವ ಬುಟ್ಟಿಗೆ ಲೆಕ್ಕ ಸುಲಭ. ಬಾಯಿಯ ಅಗಲವನ್ನು ಸೆಂಟಿಮೀಟರಿನಲ್ಲಿ ಅಳೆದು ಅರ್ಧ ಮಾಡಿರಿ. ಬಂದ ಸಂಖ್ಯೆಯನ್ನು ಅದರಿಂದಲೇ ಗುಣಿಸಿ, ಮತ್ತೊಮ್ಮೆ ಅದರಿಂದಲೇ ಗುಣಿಸಿರಿ. ಅನಂತರ 2.1ರಿಂದ ಗುಣಿಸಿ 1000ದಿಂದ ಭಾಗಿಸಿದರೆ ಎಷ್ಟು ಲೀಟರೆಂಬುದು ದೊರೆಯುತ್ತದೆ. 20 ಸೆಂಟಿಮೀಟರಿನ ಬುಟ್ಟಿಗೆ 2.1 ಲೀಟರು, 30ರದಕ್ಕೆ ಸುಮಾರು 7 ಲೀಟರು, 40ರದಕ್ಕೆ ಹದಿನಾರೂವರೆಗೂ ಹೆಚ್ಚು.

ಇದು ಬರಿಯ ಬುಟ್ಟಿಯ ಲೆಕ್ಕ. ತಂತಿಯ ಬುಟ್ಟಿಯೊಳಗೆ ಒಂದು ಸೆಂಟಿಮೀಟರು ದಪ್ಪದ ನಾರಿನ ಹಾಸು ಹಾಕಿದರೆ 7 ಲೀಟರು ಐದೂಮುಕ್ಕಾಲಿಗೆ ಇಳಿಯುತ್ತದೆ. ನೀರು ಹೊರಚೆಲ್ಲದಿರಲೆಂದು ಮೇಲೆ ಎರಡು ಸೆಂಟಿಮೀಟರು ಬಿಡಬೇಕು. ಆಗ ನಾಲ್ಕೂವರೆ ಲೀಟರು ಉಳಿಯುತ್ತದೆ. ಆದರೆ ಸಡಿಲವಾದ ಮಿಶ್ರಣವು ನೀರು ಬಿದ್ದೊಡನೆ ಕುಗ್ಗುವುದರಿಂದ ಐದನೆಯ ಒಂದು ಪಾಲನ್ನು ಹೆಚ್ಚಾಗಿ ಇಟ್ಟುಕೊಳ್ಳಬೇಕು. ಹೀಗೆ ಒಂದು ಬುಟ್ಟಿಗೆ ಐದೂವರೆ ಲೀಟರಿನಂತೆ 12 ಬುಟ್ಟಿಗಳಿಗೆ 66 ಲೀಟರು. ತಾಯಂದಿರು ತಂದಿದ್ದುದು 36 ಲೀಟರು ಮಾತ್ರ.

ಚಪ್ಪಟೆ ತಳದ ಬುಟ್ಟಿಗಾಗಲಿ ವಕ್ರವಾದ ಬುಟ್ಟಿಗಾಗಲಿ ಈ ಸೂತ್ರ ಒಪ್ಪದು. ಆಗ ಬುಟ್ಟಿಯೊಳಗೆ ತೂತಿಲ್ಲದ ಪ್ಲಾಸ್ಟಿಕ್ ಹಾಳೆಯನ್ನು ಹರಡಿ, ಲೀಟರಿನ ಪಾತ್ರೆಯಿಂದ ಎಣಿಸುತ್ತಾ ನೀರು ಸುರಿಯಿರಿ. ನೀರು ಸುಳ್ಳು ಹೇಳುವುದಿಲ್ಲ.

ಇನ್ನು ಏನನ್ನು ತುಂಬಬೇಕು? ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಸೀಮೆಯವರಾದ ನಮಗೆ ಉತ್ತರವು ತೋಟದಲ್ಲಿಯೇ ಇದೆ. ತೆಂಗಿನ ಮಟ್ಟೆಯಿಂದ ನಾರು ತೆಗೆದ ಮೇಲೆ ಉಳಿಯುವ ಹುಡಿಯನ್ನೇ ಪೇಟೆಯವರು ಕೋಕೋಪೀಟ್ ಎಂದು ಅಚ್ಚು ಹಾಕಿ ಮಾರುತ್ತಾರೆ. 5 ಕಿಲೋ ಅಚ್ಚು ನೀರಿನಲ್ಲಿ ನೆನೆದರೆ ಸುಮಾರು 70 ಲೀಟರು ಹುಡಿಯಾಗುತ್ತದೆ. ಎರಡು ಪಾಲು ಹುಡಿ, ಒಂದು ಪಾಲು ಕೊಳೆತ ಕೊಟ್ಟಿಗೆ ಗೊಬ್ಬರ, ಒಂದು ಪಾಲು ಕೆಂಪುಮಣ್ಣು ಸೇರಿಸಿದರೆ ಮಿಶ್ರಣ ಸಿದ್ಧ. 66 ಲೀಟರಿಗೆ 33 ಲೀಟರು ಹುಡಿ, ಉಳಿದೆರಡು ತಲಾ ಹದಿನಾರೂವರೆ ಲೀಟರು. ಅರ್ಧ ಅಚ್ಚು ಸಾಕಾಯಿತು!

ಆದರೆ ನಾರಿನ ಕಾರ್ಖಾನೆಯ ಬದಿಯ ರಾಶಿಯಿಂದ ಹಸಿ ಹುಡಿಯನ್ನು ತಂದು ನೇರವಾಗಿ ತುಂಬಬಾರದು. ಅದರಲ್ಲಿ ಲವಣವೂ ಒಗರೂ ಇರುತ್ತವೆ. ಎರಡು ಮೂರು ಬಾರಿ ತೊಳೆದು ಬಸಿಯಬೇಕು. ಸಾರಜನಕ ಅತ್ಯಲ್ಪವಾದ್ದರಿಂದ ಹಸಿ ಹುಡಿಯು ಕೊಳೆಯುವಾಗ ಗಿಡದ ಪಾಲಿನ ಸಾರವನ್ನು ತಾನೇ ಕಸಿದುಕೊಳ್ಳುತ್ತದೆ. ಇದನ್ನು ಅಣಬೆ ಜಾತಿಯ ಶಿಲೀಂಧ್ರದಿಂದ ಕಳಿಯಿಸಿ ಗೊಬ್ಬರ ಮಾಡುವ ಕ್ರಮವನ್ನು ಕೇರಳದ ಕಲವೂರಿನಲ್ಲಿರುವ ಕಾಯರ್ ಬೋರ್ಡಿನ ಸಂಶೋಧನಾ ಸಂಸ್ಥೆಯವರು ರೂಪಿಸಿದ್ದಾರೆ. ಕಳಿತ ಹುಡಿ ಕಪ್ಪಾಗಿ, ಮುಟ್ಟಿದರೆ ಮೆತ್ತಗಿರುತ್ತದೆ.

ಹುಡಿಯ ಬದಲು ಬರಿಯ ಕೆಂಪುಮಣ್ಣನ್ನೇ ತುಂಬಿದರೇನೆಂದು ಕೆಲವರು ಕೇಳಬಹುದು. ನೀರುಂಡ ಕೆಂಪುಮಣ್ಣು ಲೀಟರಿಗೆ ಒಂದೂವರೆ ಕಿಲೋಗೂ ಮೀರಿ ತೂಗುತ್ತದೆ. 30 ಸೆಂಟಿಮೀಟರಿನ ಬುಟ್ಟಿಯಲ್ಲಿ ಅದು 7 ಕಿಲೋ ದಾಟುತ್ತದೆ. ಆ ಭಾರವು ಮಕ್ಕಳು ಓಡಾಡುವ ಪಡಸಾಲೆಯ ನೆತ್ತಿಯ ಮೇಲೆ ಒಂದು ಕೊಕ್ಕೆಯ ಆಧಾರದಲ್ಲಿ ತೂಗುತ್ತದೆಂಬುದನ್ನು ಮರೆಯದಿರಿ. ಕೊಕ್ಕೆಯನ್ನು ಬುಟ್ಟಿಯ ಒಣ ತೂಕಕ್ಕಲ್ಲ, ನೀರು ಹಾಕಿದ ಬಳಿಕದ ತೂಕಕ್ಕೆ ಪರೀಕ್ಷಿಸಬೇಕು. ಹುಡಿಯ ಮಿಶ್ರಣ ಹಗುರ. ತನ್ನ ತೂಕದ ಹಲವು ಪಟ್ಟು ನೀರನ್ನೂ ಹಿಡಿದಿಡುತ್ತದೆ. ಆದರೂ ಸುತ್ತಲೂ ಗಾಳಿಯಾಡುವ ಬುಟ್ಟಿಗೆ ಬೇಸಗೆಯಲ್ಲಿ ದಿನವೂ ನೀರು ಬೇಕು.

ಆ ದಿನ ತಾಯಂದಿರು ಬೇರುಗಳಿಗೆ ಒದ್ದೆ ಗೋಣಿ ಹೊದಿಸಿ, ಹತ್ತಿರದ ತೋಟಗಳಿಂದ ಗೊಬ್ಬರವನ್ನೂ ಮಣ್ಣನ್ನೂ ತಂದು, ಇನ್ನೊಂದು ಅಚ್ಚನ್ನು ನೆನೆಸಿ, ಸಂಜೆಯೊಳಗೆ ಹನ್ನೆರಡೂ ಬುಟ್ಟಿಗಳನ್ನು ತುಂಬಿದರು. ಒಂಬತ್ತು ಸಸಿಗಳು ಮಾತ್ರ ಚೇತರಿಸಿಕೊಳ್ಳಲಿಲ್ಲ. ಅವುಗಳ ಬೆಲೆ ದೊಡ್ಡದಲ್ಲ. ಆದರೆ ವಾರವಾರವೂ ಕೂಲಿಯಲ್ಲಿ ಉಳಿಸಿ ಕಟ್ಟಿದ ಹಣವದು ಎಂದು ಆ ಹಿರಿಯ ತಾಯಿ ನೊಂದುಕೊಂಡರು. ನಮಗೂ ಆ ನೋವು ತಟ್ಟಿತು.

ಅಳೆಯುವುದು ಜಿಪುಣತನವೆಂದು ಕೆಲವರು ತಿಳಿದಿದ್ದಾರೆ. ಪಾವಿನಲ್ಲಿ ಅಕ್ಕಿಯನ್ನಳೆದು ಒಲೆಗಿಟ್ಟ ನಮ್ಮ ತಾಯಂದಿರು ಜಿಪುಣರಾಗಿರಲಿಲ್ಲ. ಬಂದವರಾರೂ ಹಸಿದು ಹೋಗಬಾರದು, ಅಗುಳೂ ಹಾಳಾಗಬಾರದು ಎಂಬುದೇ ಅವರ ಲೆಕ್ಕವಾಗಿತ್ತು. ಸಸಿಯನ್ನು ಕೊಳ್ಳುವ ಮೊದಲು ಬುಟ್ಟಿಯನ್ನು ಅಳೆಯಿರಿ. ಮಣ್ಣು ಸಿದ್ಧವಾದ ಮೇಲೆಯೇ ಸಸಿಯ ಬೇರು ಬಿಡಿಸಿರಿ. ನಿಮ್ಮ ಪಡಸಾಲೆಗಳು ಹೂವಿನಿಂದ ತುಂಬಿರಲೆಂದು ಹಾರೈಸುತ್ತೇವೆ.