ಡೊಂಕು ನೀರಿನದಲ್ಲ, ಮರಗಟ್ಟಿದ ಕೈಯದು

ಮೊಬೈಲಿನಲ್ಲಿ ಇಂಥ ವಿಡಿಯೊ ನೀವೂ ನೋಡಿರಬಹುದು. ಮುಂದೆ ಮೋಟಾರು ದೋಣಿ. ಹಿಂದೆ ಹಗ್ಗದ ಹಿಡಿ ಹಿಡಿದು, ಒಂದೇ ಹಲಗೆಯ ಮೇಲೆ ನಿಂತವರು ಎಡಕ್ಕೂ ಬಲಕ್ಕೂ ವಾಲುತ್ತಾ ನೀರು ಸೀಳಿಕೊಂಡು ಹೋಗುತ್ತಾರೆ. ಇದೇ ಸ್ಲಾಲಮ್ ವಾಟರ್ ಸ್ಕೀಯಿಂಗ್.

ಹಾದಿಯ ಉದ್ದ 259 ಮೀಟರ್. ಸುತ್ತಬೇಕಾದ ತೇಲುವ ಚೆಂಡುಗಳು ಆರು. ದೊಡ್ಡ ಸ್ಪರ್ಧೆಗಳಲ್ಲಿ ಗಂಡಸರಿಗೆ ದೋಣಿಯ ವೇಗ ಗಂಟೆಗೆ 58 ಕಿಲೋಮೀಟರ್, ಹೆಂಗಸರಿಗೆ 55. ಅಂದರೆ 16-17 ಸೆಕೆಂಡಿನಲ್ಲಿ ಆಟ ಮುಗಿಯಿತು. ಆರೂ ಸುತ್ತಿದರೆ ಹಗ್ಗವನ್ನು ಮೋಟು ಮಾಡಿ ಮತ್ತೆ ಓಡಿಸುತ್ತಾರೆ.

ವಾಟರ್ ಸ್ಕೀಯಿಂಗ್ ಹುಟ್ಟಿದ್ದು 1922ರಲ್ಲಿ, ಅಮೆರಿಕದ ಮಿನ್ನೆಸೋಟದ ಪೆಪಿನ್ ಸರೋವರದಲ್ಲಿ. ರಾಲ್ಫ್ ಸ್ಯಾಮುಯೆಲ್ಸನ್ ಎಂಬ ಹುಡುಗ ಅಲ್ಲಿ ಹಲಗೆ ಕಟ್ಟಿಕೊಂಡು ನೀರಿನ ಮೇಲೆ ನಿಂತ. ಅದು ಚಳಿಗಾಲದಲ್ಲಿ ಸರೋವರವೇ ಹೆಪ್ಪುಗಟ್ಟುವ ಸೀಮೆ. ಅಂಥ ಕಡೆ ಮಂಜು ಕರಗಿದ ಕೂಡಲೇ ನೀರಿಗಿಳಿಯುವ ಆಟಗಾರರು, ಬೇಸಿಗೆಯಲ್ಲಿ ಸಲೀಸಾಗಿ ಸುತ್ತಿದ ಚೆಂಡನ್ನೇ ಆಗ ತಪ್ಪುತ್ತಾರೆ. 'ತಣ್ಣೀರು ದಪ್ಪ, ಹಲಗೆ ಮಾತು ಕೇಳುತ್ತಿಲ್ಲ' ಎಂದು ಹಲಗೆಯ ಅಡಿಯ ರೆಕ್ಕೆಯನ್ನು ಹಿಂದೆ ಮುಂದೆ ಸರಿಸುತ್ತಾ ಕೂರುತ್ತಾರೆ.

ಕುಣಿಯಲಾರದವಳಿಗೆ ನೆಲ ಡೊಂಕು ಎಂದು ನಾವು ನಗುವುದಿಲ್ಲ. ದೂರಿನಲ್ಲಿ ಸ್ವಲ್ಪ ಸತ್ಯವಿದೆ. ಚಳಿಗೆ ಜೇನುತುಪ್ಪ ಮಂದವಾದಂತೆ ನೀರೂ ಮಂದವಾಗುತ್ತದೆ. 25 ಡಿಗ್ರಿ ಸೆಲ್ಸಿಯಸ್ ನೀರಿಗಿಂತ 10 ಡಿಗ್ರಿ ನೀರಿನ ಮಂದತನ ಸುಮಾರು ಒಂದೂವರೆ ಪಟ್ಟು. ಆದರೆ ಅಷ್ಟು ವೇಗದಲ್ಲಿ ಹಲಗೆಗೆ ಬರುವ ತಡೆ ಒಂದೂವರೆ ಪಟ್ಟಾಗುವುದಿಲ್ಲ. ಅಲ್ಲಿ ದೊಡ್ಡ ಕೆಲಸ ನೀರನ್ನು ತಳ್ಳಿ ಸರಿಸುವುದು. ಅದು ನೀರಿನ ಸಾಂದ್ರತೆಗೆ ಸಂಬಂಧಿಸಿದ್ದು. ಸಾಂದ್ರತೆ ಈ ಚಳಿಗೆ ನೂರಕ್ಕೆ ಅರ್ಧದಷ್ಟೂ ಬದಲಾಗದು.

ಹಾಗಾದರೆ ಹೆಚ್ಚು ಬದಲಾಗಿದ್ದು ಯಾವುದು? ಮೈ. ನೀರು ಗಾಳಿಗಿಂತ ಸುಮಾರು 25 ಪಟ್ಟು ಹೆಚ್ಚು ಸಲೀಸಾಗಿ ಶಾಖವನ್ನು ಸಾಗಿಸುತ್ತದೆ. ಮುಂದಿನ ಓಟಕ್ಕೆ ತೇಲುತ್ತಾ ಕಾಯುವಾಗಲೇ ಬೆರಳು ಮರಗಟ್ಟುತ್ತವೆ, ತೊಡೆ ಬಿಗಿಯುತ್ತದೆ. ತಣ್ಣಗಾದ ಸ್ನಾಯು ನಿಧಾನ. ಅದರ ಬಲವೂ ಕಡಿಮೆ. ತಿರುವು ಮುಗಿದು ಹಗ್ಗ ಜಗ್ಗಿದಾಗ ಬೀಳುವ ಎಳೆತವೋ ಮೈತೂಕವನ್ನೂ ಮೀರಿದ್ದು. ಜೋಮುಹಿಡಿದ ಕೈ ಅದನ್ನು ತಾಳೀತೇ?

ಚೆಂಡು ತಪ್ಪಿದರೆ ಆ ಸರದಿ ಮುಗಿಯಿತು, ಅಷ್ಟೇ. ಹಿಡಿ ತಪ್ಪಿ ಕೊರೆಯುವ ನೀರಿಗೆ ಬಿದ್ದರೆ ಮಾತು ಬೇರೆ. ಮೊದಲ ಕ್ಷಣಕ್ಕೆ ಮನುಷ್ಯ ತಾನಾಗಿಯೇ ಏದುಸಿರು ಎಳೆಯುತ್ತಾನೆ. ಆಗ ಮುಖ ನೀರೊಳಗಿದ್ದರೆ ಎಳೆದದ್ದು ನೀರೇ. ಕೆನಡಾದ ಪ್ರೊಫೆಸರ್ ಗಾರ್ಡನ್ ಗೀಸ್‌ಬ್ರೆಕ್ಟ್ ಇದಕ್ಕೆ 1-10-1 ಎಂಬ ಲೆಕ್ಕ ಹೇಳಿಕೊಡುತ್ತಾರೆ: ಉಸಿರು ಹತೋಟಿಗೆ ಬರಲು 1 ನಿಮಿಷ, ಕೈಕಾಲು ಮಾತು ಕೇಳುವುದು 10 ನಿಮಿಷ, ಪ್ರಜ್ಞೆ ತಪ್ಪಲು ಸುಮಾರು 1 ಗಂಟೆ. ಲೈಫ್ ಜಾಕೆಟ್ ಇಲ್ಲದಿದ್ದರೆ ಆ ಕೊನೆಯ ಲೆಕ್ಕದವರೆಗೂ ಹೋಗುವುದು ಕಷ್ಟ.

ಹಾಗಾಗಿ ನಾವು ಹೇಳುವುದು ಇಷ್ಟೆ. ತಣ್ಣೀರಿನ ದಿನದ ಅಂಕವನ್ನು ಬೇಸಿಗೆಯ ಅಂಕದ ಪಕ್ಕ ಇಟ್ಟು ಕೊರಗಬೇಡಿ. ರೆಕ್ಕೆ ಸರಿಸುವ ಮೊದಲು ಮೈ ಬೆಚ್ಚಗಿಡಿ: ದಡದಲ್ಲೇ ಕೈಕಾಲು ಆಡಿಸಿ, ಮೈಗಂಟುವ ರಬ್ಬರ್ ಉಡುಪು ಹಾಕಿ, ಓಟಗಳನ್ನು ಕಡಿಮೆ ಮಾಡಿ, ನಡುವೆ ನೀರಲ್ಲಿ ತೇಲದೆ ದೋಣಿ ಹತ್ತಿ. ದೋಣಿ ನಡೆಸುವವರು ಪ್ರತಿ ಓಟಕ್ಕೂ ಮೊದಲು 'ಮುಷ್ಟಿ ಬಿಗಿಯುತ್ತದಾ?' ಎಂದು ಕೇಳಲಿ. ಇಲ್ಲ ಎಂದವರನ್ನು ಪುಕ್ಕಲ ಎಂದು ಆಡಿಕೊಳ್ಳುವುದು ಶೌರ್ಯವಲ್ಲ, ಹೊಣೆಗೇಡಿತನ.

ಮಾಗಿಯ ಚಳಿಯಲ್ಲಿ ಬೆಳ್ಳಂಬೆಳಿಗ್ಗೆ ಹಾಲು ಕರೆದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಬೆರಳು ಮಡಚದಿದ್ದಾಗ ನಾವು ಹಸುವನ್ನು ದೂರುವುದಿಲ್ಲ. ಮೊದಲು ಒಲೆಯ ಮುಂದೆ ಕೂತು ಕೈ ಕಾಯಿಸಿಕೊಳ್ಳುತ್ತೇವೆ.